ಜಾಪಾಳಕ್ಕೆ ಹೋದ ಜಡೆ

ಮೊನ್ನೆ ಮಂಚದ ಕೆಳಗಿನ ಟ್ರಂಕು ಎಳೆದು, ಹಳೆಯ ರಗ್ಗನ್ನು ಬಿಸಿಲಿಗೆ ಹಾಕೋಣವೆಂದು ಕೊಡವಿದೆ. ಮಡಿಕೆಯೊಳಗಿಂದ, ನಾಟಕದ ಕಿರೀಟಕ್ಕೆ ಅಂಟಿಸುವ ಬೇಗಡೆಯ ಚೂರೊಂದು ಉದುರಿತು. ಉಗುರಿನಷ್ಟೂ ಇರಲಿಲ್ಲ. ಚಿನ್ನದ ಬಣ್ಣ ಅರ್ಧ ಹೋಗಿತ್ತು. ಬೇರೆಯವರಾದರೆ ಕಸವೆಂದು ಗುಡಿಸಿ ಹಾಕುತ್ತಿದ್ದರು. ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಿಸಿಲು ಇಳಿಯುವ ತನಕ ಮೆಟ್ಟಿಲ ಮೇಲೆ ಕೂತಿದ್ದೆ. ರಗ್ಗಿನ ಕಥೆ ಏನಾಯಿತೋ ನೋಡಲಿಲ್ಲ.

ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ಬೇಗಡೆ ಇಲ್ಲದ ಜಾಗವೇ ಇರಲಿಲ್ಲ. ಹಾಸಿಗೆಯಲ್ಲಿ, ಬಚ್ಚಲಲ್ಲಿ, ಅಕ್ಕಿ ಡಬ್ಬಿಯಲ್ಲಿ, ಎಲ್ಲ ಕಡೆಯೂ ಇರುತ್ತಿತ್ತು. ಸಾರಿನಲ್ಲಿ ಮಿನುಗಿದ್ದನ್ನು ಒಗ್ಗರಣೆಯೆಂದು ತಿಳಿದು ನಾನು ನುಂಗಿದ್ದೂ ಉಂಟು. ಕೆಲಸಕ್ಕೆ ಹೋದರೆ ಬಸ್‌ಸ್ಟ್ಯಾಂಡಿನ ಹೂವಿನವರು ನನ್ನ ತಲೆಯಿಂದ ಒಂದು ಚೂರು ತೆಗೆದು ಎಲ್ಲರಿಗೂ ತೋರಿಸುತ್ತಿದ್ದರು. "ಏನ್ರೀ ಏಜೆಂಟ್ರೆ, ಈ ಸಲ ಟೀಚರು ನಿಮಗೂ ಪಾರ್ಟು ಕೊಟ್ಟಾರಾ?"

ಟೀಚರು ಎಂದರೆ ನನ್ನ ಹೆಂಡತಿ ಗಿರಿಜಾ. ಹೋದ ಶ್ರಾವಣದಲ್ಲಿ ತೀರಿಕೊಂಡಳು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇದುವರೆಗೆ ನಾನು ಏನು ಬರೆದರೂ, ಅದು ಬೀಗರಿಗೆ ಹಾಕುವ ಕಾರ್ಡೇ ಆಗಿರಲಿ, ಅವಳು ಒಮ್ಮೆ ನೋಡಿ ಒತ್ತಕ್ಷರ ಸರಿಮಾಡಿದ ಮೇಲೆಯೇ ಅಂಚೆ ಡಬ್ಬಕ್ಕೆ ಹೋಗುತ್ತಿತ್ತು. ಈಗ ಆ ಕೆಲಸ ನಿಮ್ಮದು. ತಪ್ಪು ಸಿಕ್ಕಿದರೆ ನೀವೇ ತಿದ್ದಿಕೊಂಡು ಓದಿ.

ನನ್ನದು ಖಾಸಗಿ ಬಸ್ಸುಗಳ ಏಜೆಂಟನ ಕೆಲಸ. ಬಸ್ಸು ಬಂದು ನಿಂತಾಗ ಅದರ ಬಾಗಿಲಲ್ಲಿ ನಿಂತು "ಹೊನ್ನಾಳಿ ಹೊನ್ನಾಳಿ, ನ್ಯಾಮತಿ, ಶಿವಮೊಗ್ಗಾ" ಎಂದು ಕೂಗಿ ಜನ ಹತ್ತಿಸುವುದು. ಹಗಲೆಲ್ಲ ಕೂಗುವವನಿಗೆ ಮನೆಗೆ ಬಂದರೆ ಮಾತು ಬೇಡ. ಗಿರಿಜಾ ಏನು ಕೇಳಿದರೂ ತಲೆ ಆಡಿಸುತ್ತಿದ್ದೆ. "ಇವರ ಮಾತು ಕೇಳ್ಬೇಕು ಅಂದ್ರೆ ನಾನೂ ಟಿಕೆಟ್ ತಗಂಡು ಬಸ್ ಹತ್ಬೇಕು" ಎಂದು ಅವಳು ಪಕ್ಕದ ಮನೆಯವರ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ನನ್ನ ಕೆಲಸದಲ್ಲಿ ಒಂದು ಅನುಕೂಲವಿತ್ತು. ಅವಳಿಗೆ ಎಲ್ಲಿಗೆ ವರ್ಗವಾದರೂ ಆ ಊರಿಗೊಂದು ಬಸ್‌ಸ್ಟ್ಯಾಂಡ್ ಇರುತ್ತಿತ್ತು. ಹೀಗೆ ನಾನು ಅವಳ ಹಿಂದೆ ಹಿಂದೆಯೇ ಊರೂರು ಸುತ್ತಿದೆ. ಸರ್ಕಾರ ಅವಳನ್ನು ವರ್ಗ ಮಾಡುತ್ತಿತ್ತು, ಅವಳು ನನ್ನನ್ನು ವರ್ಗ ಮಾಡುತ್ತಿದ್ದಳು.

ಬಸ್ಸಿನವರಿಗೆ ಸೀಸನ್ ಎಂದರೆ ಮದುವೆ ತಿಂಗಳು. ಅವಳ ಸೀಸನ್ ಬೇರೆ. ಸ್ವಾತಂತ್ರ್ಯ ದಿನದ ಹೊತ್ತಿಗೆ ಶುರುವಾಗಿ, ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ತಾಲ್ಲೂಕು ಸ್ಪರ್ಧೆ ಎಂದು ಏರುತ್ತಾ ಹೋಗಿ ಸ್ಕೂಲ್ ಡೇ ಮುಗಿಯುವ ತನಕ ಅವಳು ಮನೆಯವಳಲ್ಲ. ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು. "ರೀ, ಸಾರು ನೀವೇ ಮಾಡ್ಕಳ್ರಿ. ಎಂಟು ಜನ ಬ್ರಿಟಿಷರಿಗೆ ನಾನು ಮೀಸೆ ಅಂಟಿಸ್ಬೇಕು." ಎಂಟು ಜನ ಬ್ರಿಟಿಷರೂ ನಾಲ್ಕನೇ ಕ್ಲಾಸಿನ ಹುಡುಗಿಯರು.

ಮೊದಲ ಪೋಸ್ಟಿಂಗು ಜಗಳೂರು. ನಾವಿಬ್ಬರೂ ನ್ಯಾಮತಿ ಕಡೆಯವರು. ಆಗ ನಮ್ಮದು ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. ನಮ್ಮತ್ತೆ ಮಗಳನ್ನು ಸಮುದ್ರದಾಚೆ ಕಳಿಸುವವರ ಹಾಗೆ ಅತ್ತು, ಒಂದು ಗಡಿಗೆ ಉಪ್ಪಿನಕಾಯಿ ಕೊಟ್ಟು ಕಳಿಸಿದರು. ಬಯಲುಸೀಮೆಯ ಗಾಳಿ ಏನೆಂದು ನನಗೆ ಗೊತ್ತಾಗಿದ್ದು ಆ ವರ್ಷದ ಸ್ಕೂಲ್ ಡೇ ದಿನ. ಪರದೆಗೆಂದು ನಮ್ಮ ಮದುವೆಯ ಜಮಖಾನ ಕಟ್ಟಿದ್ದರು. ನಾಟಕ ಶುರುವಾಗುವ ಮುಂಚೆಯೇ ಗಾಳಿ ಅದನ್ನು ಕಿತ್ತುಕೊಂಡು ಶಾಲೆಯ ಹೆಂಚಿನ ಮೇಲೆ ಹಾಕಿತು. ಹಿಂದೆ ನೋಡಿದರೆ ರಾಜನೂ ರಾಕ್ಷಸನೂ ಒಂದೇ ಪೊಟ್ಟಣದಿಂದ ಶೇಂಗಾ ತಿನ್ನುತ್ತಾ ಕೂತಿದ್ದಾರೆ. ಜನ ಅದೇ ಮೊದಲ ಸೀನು ಎಂದುಕೊಂಡು ಚಪ್ಪಾಳೆ ಹೊಡೆದರು. ಗಿರಿಜಾ ಸುಮ್ಮನಿರಲಿಲ್ಲ. ಮುಂದಿನ ವರ್ಷ ರಾಜನೂ ರಾಕ್ಷಸನೂ ಶೇಂಗಾ ತಿನ್ನುವುದರಿಂದಲೇ ಶುರುವಾಗುವ ನಾಟಕ ಬರೆದಳು. ಅದಕ್ಕೂ ಚಪ್ಪಾಳೆ ಬಿತ್ತು.

ಹೊನ್ನಾಳಿಯದು ನನ್ನ ಮಾನ ಹೋದ ಊರು. ಮುಖ್ಯ ಅತಿಥಿಗಳು ತಡವಾಗಿ ಬಂದರು. ಸಿಂಹದ ವೇಷದ ಹುಡುಗ ಕಾದು ಕಾದು ಬಾಲದ ಮೇಲೇ ನಿದ್ದೆ ಹೋದ. ಎಬ್ಬಿಸಿದರೆ ನಿಂತುಕೊಂಡ, ಆದರೆ ಬಾಯಿ ಬಿಡಲಿಲ್ಲ. ಗಿರಿಜಾ ನನ್ನನ್ನು ಪರದೆಯ ಹಿಂದೆ ಎಳೆದು "ನೀವು ಗರ್ಜಿಸ್ರಿ, ದಿನಾ ಮಾಡೋ ಕೆಲ್ಸಾನೇ ಅಲ್ಲೇನು" ಎಂದಳು. ನಾನು ಗರ್ಜಿಸಿದೆ. ಚೆನ್ನಾಗಿಯೇ ಬಂತು. ಆದರೆ ಅಭ್ಯಾಸಬಲ ನೋಡಿ, ಗರ್ಜನೆಯ ಕೊನೆಗೆ ಬಾಯಿಂದ "ರೈಟ್, ರೈಟ್" ಎಂದು ಬಂದುಬಿಟ್ಟಿತು. ಸಿಂಹ ಅದನ್ನು ಅಪ್ಪಣೆ ಎಂದು ತಿಳಿದು ಸ್ಟೇಜಿನಿಂದ ಇಳಿದೇ ಹೋಯಿತು.

ಇವನ್ನೆಲ್ಲ ಹೇಳುತ್ತಾ ಕೂತರೆ ಚನ್ನಗಿರಿಗೆ ಬರುವುದೇ ಇಲ್ಲ. ನಾನು ಹೇಳಬೇಕೆಂದಿರುವುದು ಚನ್ನಗಿರಿಯದು.

ಎಂಬತ್ತರ ದಶಕ ಶುರುವಾಗಿದ್ದ ಕಾಲ. ಗಿರಿಜಾ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿದ್ದಳು. ಶಾಲೆಯ ಅಂಗಳದಲ್ಲಿ ಒಂದು ಬೇವಿನ ಮರವಿತ್ತು. ಅದರ ಕೊಂಬೆಗೆ ಸೈಕಲ್ಲಿನ ಹಳೆಯ ರಿಮ್ಮು ತೂಗುಹಾಕಿ, ಬಣ್ಣದ ಪಟ್ಟಿಗಳನ್ನು ಇಳಿಬಿಟ್ಟು, ಹುಡುಗಿಯರಿಗೆ ಜಡೆ ಕೋಲಾಟ ಕಲಿಸುತ್ತಿದ್ದಳು. ನೋಡದವರಿಗಾಗಿ ಹೇಳುತ್ತೇನೆ. ಒಬ್ಬೊಬ್ಬರ ಎಡಗೈಯಲ್ಲಿ ಒಂದೊಂದು ಪಟ್ಟಿ, ಬಲಗೈಯಲ್ಲಿ ಕೋಲು. ಅರ್ಧ ಜನ ಈ ಕಡೆಯಿಂದ, ಅರ್ಧ ಜನ ಆ ಕಡೆಯಿಂದ ಸುತ್ತುತ್ತಾ, ಎದುರು ಸಿಕ್ಕವರ ಕೋಲಿಗೆ ಕೋಲು ಹೊಡೆದು, ಒಬ್ಬರ ಒಳಗೆ, ಇನ್ನೊಬ್ಬರ ಹೊರಗೆ ನುಸುಳುತ್ತಾ ಹೋಗಬೇಕು. ಹಾಗೆ ಹೋದಂತೆಲ್ಲ ಮೇಲಿನಿಂದ ಜಡೆ ಹೆಣೆದುಕೊಂಡು ಬರುತ್ತದೆ. ಪೂರ್ತಿ ಆದ ಮೇಲೆ ಬಂದ ದಾರಿಯಲ್ಲೇ ತಿರುಗಿ ಕುಣಿದರೆ ಜಡೆ ಬಿಚ್ಚಿಕೊಳ್ಳುತ್ತದೆ. ಹೆಣೆಯುವುದಕ್ಕಿಂತ ಬಿಚ್ಚುವುದು ಕಷ್ಟ. ಒಬ್ಬಳು ತಪ್ಪಿದರೆ ಎಲ್ಲರ ಪಟ್ಟಿಯೂ ಗಂಟು. ಆರು ಜೋಡಿ ಹುಡುಗಿಯರಿದ್ದರು. ಇದಕ್ಕೆ ಬದಲಿ ಆಟಗಾರ್ತಿ ಎಂಬುದಿಲ್ಲ, ಯಾಕೆಂದರೆ ಅವರವರ ದಾರಿ ಅವರವರ ಕಾಲಿಗೆ ಮಾತ್ರ ಗೊತ್ತು.

ಈ ಜಡೆ ತಾಲ್ಲೂಕಿನಲ್ಲಿ ಗೆದ್ದಿತು, ಜಿಲ್ಲೆಯಲ್ಲಿ ಗೆದ್ದಿತು, ಬೆಂಗಳೂರಿನಲ್ಲೂ ಗೆದ್ದಿತು. ಒಂದು ದಿನ ಹೆಡ್‌ಮಾಸ್ಟರು ಓಡುತ್ತಲೇ ಬಂದು, ನೇಪಾಳದಲ್ಲಿ ಅಕ್ಕಪಕ್ಕದ ದೇಶಗಳ ಮಕ್ಕಳ ಮೇಳ ನಡೆಯುತ್ತದಂತೆ, ನಮ್ಮ ಹುಡುಗಿಯರನ್ನು ಕರೆದಿದ್ದಾರೆ ಎಂದರು. ಗಿರಿಜಾ ಮನೆಗೆ ಬಂದು ನನಗೆ ಹೇಳಿದಾಗ ನಾನು ಎಂದಿನಂತೆ ತಲೆ ಆಡಿಸಿದೆ. "ಬರೀ ತಲೆ ಆಡಿಸ್ಬ್ಯಾಡ್ರಿ. ನಮ್ಮ ಹುಡುಗೇರು ಫಾರಿನ್‌ಗೆ ಹೊಂಟಾರೆ, ಏನಾದ್ರೂ ಅನ್ರಿ!" ಎಂದಳು. ನನಗೆ ತೋಚಿದ್ದು ಇಷ್ಟೆ. "ನಿನಗೆ ಹೆದ್ರಿಕೆ ಆಗಲ್ವಾ?" ಅದಕ್ಕೆ ಅವಳು, "ಜಗಳೂರಿಗೇ ಹೋಗಿ ಬಂದೋಳು ನಾನು, ಇನ್ಯಾವ ದೇಶಕ್ಕೆ ಹೆದರ್ಲಿ?" ಎಂದಳು.

ತೊಡಕು ಎದ್ದಿದ್ದು ಬಸಮ್ಮಜ್ಜಿಯಿಂದ. ಹನ್ನೆರಡು ಹುಡುಗಿಯರಲ್ಲಿ ಮುಂದೆ ನಿಂತು ಹೆಜ್ಜೆ ತೋರಿಸುವವಳು ಕಮಲಾಕ್ಷಿ. ತಾಯಿಯಿಲ್ಲದ ಹುಡುಗಿ. ಬಸಮ್ಮಜ್ಜಿ ಅವಳ ತಂದೆಯ ತಾಯಿ, ಮಗುವಿದ್ದಾಗಿನಿಂದ ಸಾಕಿದವರು. ಒಂದು ಕಿವಿ ಮಂದ. ಗಿರಿಜಾ ಅವರ ಮನೆಗೆ ಹೊರಟಾಗ, ಗಂಡಸೊಬ್ಬ ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡು ಹೋದಳು. ಅಜ್ಜಿ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದರು.

"ಅಜ್ಜೀ, ಕಮಲಾಕ್ಷಿನ ನೇಪಾಳಕ್ಕೆ ಕಳಿಸಿಕೊಡ್ರಿ" ಎಂದಳು ಗಿರಿಜಾ.

"ಯಾತಕ್ಕೆ?"

"ನೇಪಾಳಕ್ಕೆ!"

"ಜಾಪಾಳಕ್ಕಾ?" ಅಜ್ಜಿಯ ಬಾಚಣಿಗೆ ನಿಂತಿತು. "ಅಯ್ಯೋ ಶಿವನೇ! ಹುಡುಗಿ ಹೊಟ್ಟೆ ಚೆನ್ನಾಗೇ ಐತಲ್ಲ ಟೀಚರಮ್ಮ! ಬೆಳಿಗ್ಗೆನೂ ಸರಿಯಾಗಿ ಹೋಗೈತೆ!"

ಜಾಪಾಳ ನಿಮಗೆ ಗೊತ್ತಲ್ಲ. ಹಿಂದೆ ಹೊಟ್ಟೆ ತೊಳೆಯಲೆಂದು ಕೊಡುತ್ತಿದ್ದ ಬೇಧಿ ಮಾತ್ರೆ. ಒಂದು ನುಂಗಿದರೆ ದಿನವಿಡೀ ಚೊಂಬು ಕೈಬಿಡುವ ಹಾಗಿಲ್ಲ. ಕಮಲಾಕ್ಷಿ ನಾಚಿಕೊಂಡು ಮುಖ ಮಂಡಿಯೊಳಗೆ ಹುದುಗಿಸಿದಳು. ಗಿರಿಜಾ ಅಜ್ಜಿಯ ಒಳ್ಳೆಯ ಕಿವಿಯ ಹತ್ತಿರ ಹೋಗಿ ಬಿಡಿಸಿ ಹೇಳುವ ಮುಂಚೆಯೇ ಪಕ್ಕದ ಮನೆಯವರು ಅರ್ಧ ಕೇಳಿಸಿಕೊಂಡು ಹೋಗಿಯಾಗಿತ್ತು.

ಮರುದಿನ ಬಸ್‌ಸ್ಟ್ಯಾಂಡಿಗೆ ನನಗಿಂತ ಮುಂಚೆ ಸುದ್ದಿ ತಲುಪಿತ್ತು. ಹೋಟೆಲಿನ ಬೆಂಚಿನ ಮೇಲೆ ಕೂತವರೊಬ್ಬರು ಚಹಾ ಊದುತ್ತಾ ಹೇಳಿದರು, "ಫಾರಿನ್‌ಗೆ ಹೋಗಾಕೆ ಮುಂಚೆ ಹುಡುಗೇರಿಗೆಲ್ಲ ಜಾಪಾಳ ಕೊಡ್ತಾರಂತೆ ಕಣ್ರೀ. ಇಮಾನದಾಗೆ ತೂಕ ಕಮ್ಮಿ ಇರ್ಬೇಕಂತೆ."

"ಹೌದೇನ್ರೀ ಏಜೆಂಟ್ರೆ?"

"ವಿಮಾನ ಎಲ್ಲೈತ್ರಿ, ರೈಲು" ಎಂದೆ ನಾನು.

"ರೈಲಿಗೂ ಜಾಪಾಳಾನಾ!" ಎಂದು ಅವರು ಹಣೆ ಬಡಿದುಕೊಂಡರು.

ಆ ದಿನ ಸಂಜೆಗೆ ನಾಲ್ಕು ಮನೆಯವರು ನಮ್ಮ ಬಾಗಿಲಿಗೆ ಬಂದರು. "ನಮ್ಮ ಹುಡುಗಿ ಮೊದ್ಲೇ ಕಡ್ಡಿ ಆಗ್ಯಾಳೆ ಟೀಚರ್, ಅದೆಲ್ಲ ತಡಿಯಲ್ಲ." ಗಿರಿಜಾ ನಗಲಿಲ್ಲ. ಒಬ್ಬೊಬ್ಬರನ್ನೂ ಕೂರಿಸಿ, ಅದು ದೇಶದ ಹೆಸರು, ಮಾತ್ರೆಯಲ್ಲ ಎಂದು ಹೇಳಿ ಕಳಿಸಿದಳು. ಹನ್ನೆರಡು ಹುಡುಗಿಯರಲ್ಲಿ ಒಬ್ಬಳಾದ ಶಾಹಿದಾಳ ತಂದೆ, ಲಾರಿ ರಿಪೇರಿ ಮಾಡುತ್ತಿದ್ದ ಸಾಬರು, ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದರು, "ಟೀಚರಮ್ಮ, ನನ್ನ ಮಗಳು ನಿಮ್ಮ ಜೊತೆಗೆ ಬರ್ತಾಳೆ. ಜಾಪಾಳ ಕೊಟ್ಟರೂ ನಿಮ್ಮ ಕೈಯಾಗೇ ಕೊಡ್ರಿ." ಅಂದಿನಿಂದ ಊರಿನಲ್ಲಿ ಅವಳ ಹೆಸರು ಜಾಪಾಳದ ಟೀಚರ್ ಎಂದಾಯಿತು. ಅವಳು ಆ ಹೆಸರನ್ನು ಒಂದು ಬಿರುದಿನ ಹಾಗೆ ಇಟ್ಟುಕೊಂಡಳು.

ಹನ್ನೊಂದು ಮನೆಯವರು ಒಪ್ಪಿದರು. ಬಸಮ್ಮಜ್ಜಿ ಮಾತ್ರ, ನೇಪಾಳ ಒಂದು ದೇಶವೆಂದು ತಿಳಿದ ಮೇಲೂ, ಬೇಡವೆಂದರೆ ಬೇಡ. "ಅಷ್ಟು ದೂರ ನನ್ನ ಕೈಲಿ ಬರಾಕೆ ಆಗಲ್ಲ. ಅಲ್ಲಿ ಇವಳ ತಲೆ ಬಾಚೋರು ಯಾರು?" ಗಿರಿಜಾ ನಾನೇ ಬಾಚುತ್ತೇನೆ ಎಂದಳು. "ಹನ್ನೆರಡು ತಲೆ ನೀನೊಬ್ಬಳೇ ಬಾಚ್ತೀಯೇನವ್ವ?" ಎಂದು ಅಜ್ಜಿ ಮುಖ ತಿರುಗಿಸಿದರು. ಕಮಲಾಕ್ಷಿ ಇಲ್ಲದಿದ್ದರೆ ಜಡೆಯಿಲ್ಲ, ಜಡೆಯಿಲ್ಲದಿದ್ದರೆ ಯಾರಿಗೂ ಪ್ರಯಾಣವಿಲ್ಲ. ಗಿರಿಜಾ ಊಟ ಬಿಟ್ಟಳು ಎನ್ನಲಾರೆ, ಅವಳು ಊಟ ಬಿಡುವವಳಲ್ಲ. ಆದರೆ ತಟ್ಟೆಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಾ ಕೂರುತ್ತಿದ್ದಳು. ಅನ್ನದ ನಡುವೆ ಹನ್ನೊಂದು ದಾರಿ ಹೋಗಿ ಒಂದು ಕಡೆ ನಿಲ್ಲುತ್ತಿದ್ದವು.

ಕೊನೆಗೆ ಒಂದು ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ, ಬಸಮ್ಮಜ್ಜಿಯನ್ನು ಬೇವಿನ ಮರದ ನೆರಳಿಗೆ ಕರೆಸಿ ಕುರ್ಚಿ ಹಾಕಿಸಿದಳು. ಕಮಲಾಕ್ಷಿಯನ್ನು ಅಜ್ಜಿಯ ಪಕ್ಕದಲ್ಲೇ ನಿಲ್ಲಿಸಿದಳು. ಉಳಿದ ಹನ್ನೊಂದು ಜನ ಕುಣಿಯತೊಡಗಿದರು. ಒಬ್ಬಳಿಗೆ ಜೋಡಿಯಿಲ್ಲ. ಕೋಲು ಗಾಳಿಗೆ ಬೀಸುತ್ತಾಳೆ, ಕಮಲಾಕ್ಷಿಯ ಹಳದಿ ಪಟ್ಟಿ ನಡುವೆ ಸುಮ್ಮನೆ ನೇತಾಡುತ್ತದೆ. ಒಂದು ಗೇಣು ಹೆಣೆಯುವಷ್ಟರಲ್ಲಿ ಜಡೆ ಸೊಟ್ಟಗಾಗಿ ನಿಂತಿತು. ಹುಡುಗಿಯರೂ ನಿಂತರು.

"ಅದ್ಯಾಕೆ ನಿಂತ್ರಿ?" ಎಂದರು ಅಜ್ಜಿ.

"ಇಷ್ಟೇ ಅಜ್ಜಿ, ಮುಂದಕ್ಕೆ ಹೋಗಲ್ಲ" ಎಂದಳು ಗಿರಿಜಾ.

"ಅಯ್ಯೋ ನಿಮ್ಮ, ಹೆಣ್ಮಕ್ಕಳ ಜಡೆನ ಅರ್ಧ ಹೆಣೆದು ಬಿಡ್ತಾರೇನ್ರೇ! ನೋಡಾಕೆ ಆಗಲ್ಲ, ಕಣ್ಣಿಗೆ ಹೆಂಗೋ ಆಗ್ತೈತೆ." ಅಜ್ಜಿ ಎದ್ದೇ ನಿಂತರು. ಯಾರೂ ಅಲುಗಾಡಲಿಲ್ಲ. ಅಜ್ಜಿ ಒಮ್ಮೆ ಜಡೆ ನೋಡಿದರು, ಒಮ್ಮೆ ಮೊಮ್ಮಗಳನ್ನು ನೋಡಿದರು. ಆಮೇಲೆ ಅವಳ ಬೆನ್ನಿಗೆ ಒಂದು ಗುದ್ದಿದರು. "ಏಯ್ ಕಮ್ಲೀ, ಏನ್ ಬಾಯಿ ಬಿಟ್ಕಂಡು ನಿಂತೀಯ? ಹೋಗಿ ಹಿಡಿ!"

ಕಮಲಾಕ್ಷಿ ಓಡಿದಳು. ಸೊಟ್ಟಗಾದದ್ದನ್ನು ಬಿಡಿಸಿ ಮೊದಲಿನಿಂದ ಹೆಣೆದರು. ಅಜ್ಜಿ ಕೂರಲೇ ಇಲ್ಲ. ಜಡೆ ಪೂರ್ತಿಯಾದಾಗ ಹತ್ತಿರ ಹೋಗಿ, ಮುಟ್ಟಿ, ಎಳೆದು ನೋಡಿದರು. ಬಿಗಿಯಾಗಿತ್ತು. ಆಮೇಲೆ ಗಿರಿಜಾಳ ಮುಂದೆ ಅಂಗೈ ಚಾಚಿದರು.

"ಟೀಚರಮ್ಮ, ಮಾತು ಕೊಡು. ಅಲ್ಲಿ ಹೆಣೆದದ್ದು ಅಲ್ಲೇ ಬಿಟ್ಟು ಬರಬ್ಯಾಡ್ರಿ. ಅದ್ರಾಗೆ ನನ್ನ ಹುಡುಗಿದೂ ಒಂದು ಎಳೆ ಐತೆ. ಪೂರಾ ಬಿಚ್ಚಿ, ಸಿಕ್ಕು ಬಿಡಿಸಿ, ನನ್ನ ಕೂಸನ್ನ ನನಗೆ ತಂದು ಒಪ್ಸು."

ಗಿರಿಜಾ ಆ ಅಂಗೈ ಮೇಲೆ ಕೈಯಿಟ್ಟಳು. "ಬಿಚ್ಚಿಯೇ ಬರ್ತೀವಿ ಅಜ್ಜಿ."

ಇನ್ನು ನಾನು ಹೇಗೆ ಹೋದೆ ಎಂದು ನೀವು ಕೇಳಬೇಕು. ನೇಪಾಳದ ಸಭಾಂಗಣದಲ್ಲಿ ಬೇವಿನ ಮರವಿಲ್ಲ. ಒಂದು ಗಳದ ತುದಿಗೆ ರಿಮ್ಮು ಕಟ್ಟಿ, ಯಾರಾದರೂ ನಡುವೆ ಅಲುಗಾಡದೆ ಹಿಡಿದು ನಿಲ್ಲಬೇಕು. ಬೆಂಗಳೂರಿನಲ್ಲಿ ಹಿಡಿದಿದ್ದ ಶಾಲೆಯ ಜವಾನ, ಪರದೇಶವೆಂದ ಕೂಡಲೇ ಸೊಂಟನೋವು ಎಂದ. "ಮಾತಾಡದೆ, ಅಲ್ಲಾಡದೆ ನಿಲ್ಲೋರು ಬೇಕು" ಎಂದು ಹೆಡ್‌ಮಾಸ್ಟರು ಹೇಳಿದಾಗ ಗಿರಿಜಾ, "ಅಂಥವರು ನಮ್ಮನೆಯಾಗೇ ಒಬ್ಬರು ಅದಾರೆ ಸಾರ್" ಎಂದಳಂತೆ. ಹೀಗೆ ನಾನು ಕಂಬದ ಹುದ್ದೆಯ ಮೇಲೆ ಪರದೇಶಕ್ಕೆ ಹೋದೆ. ಪಾಸ್‌ಪೋರ್ಟ್ ಬೇಕಿರಲಿಲ್ಲ. ಬಸ್‌ಸ್ಟ್ಯಾಂಡಿನವರು ಅದಕ್ಕೂ ಬಿಡಲಿಲ್ಲ. "ಪಾಸ್‌ಪೋರ್ಟ್ ಬ್ಯಾಡ ಅಂದ್ರೆ ಅದ್ಯಾತರ ಫಾರಿನ್ರೀ? ಹರಿಹರಕ್ಕೆ ಹೋದಂಗೆ!"

ದಾವಣಗೆರೆಯಲ್ಲಿ ರೈಲು ಹತ್ತಿ, ಎಲ್ಲೆಲ್ಲೋ ಇಳಿದು ಎಲ್ಲೆಲ್ಲೋ ಹತ್ತಿ, ಗಡಿಯ ಊರಿನಿಂದ ಬಸ್ಸಿನಲ್ಲಿ ಬೆಟ್ಟ ಏರಿದೆವು. ಪ್ರತಿ ನಿಲ್ದಾಣದಲ್ಲೂ ಗಿರಿಜಾ ತಲೆ ಎಣಿಸುವಳು, ನಾನು ಗಳದ ಎರಡು ತುಂಡು ಎಣಿಸುವೆ. ಕಠ್ಮಂಡುವಿನ ಚಳಿಗೆ ಹುಡುಗಿಯರು ಇದ್ದ ಲಂಗ ದಾವಣಿಯನ್ನೆಲ್ಲ ಒಂದರ ಮೇಲೊಂದು ಉಟ್ಟು ಮೂಟೆಗಳಾಗಿದ್ದರು. ಒಂದು ದಿನ ಊರು ನೋಡಿ ಮರಳುವಾಗ ಎಲ್ಲರೂ ಅಂಗಡಿಗಳ ಮುಂದೆ ಚದುರಿಹೋದರು. ಗಿರಿಜಾ ಕೂಗಿ ಕೂಗಿ ಸೋತಳು. ಕೊನೆಗೆ ನಾನು ಬಸ್ಸಿನ ಬಾಗಿಲಲ್ಲಿ ನಿಂತು "ಹೊನ್ನಾಳಿ ಹೊನ್ನಾಳಿ, ನ್ಯಾಮತಿ, ಶಿವಮೊಗ್ಗಾ" ಎಂದೆ. ಹನ್ನೆರಡು ಜನವೂ ಎಲ್ಲಿಂದಲೋ ಓಡಿ ಬಂದು ಹತ್ತಿದರು. ಅವರ ಹಿಂದೆ ಇಬ್ಬರು ನೇಪಾಳಿಗಳೂ ಹತ್ತಿದರು. ಅವರಿಗೆ ಏನೆಂದು ಕೇಳಿಸಿತೋ!

ಮೇಳದ ವ್ಯವಸ್ಥಾಪಕರು ಒಂದು ನಿಯಮ ಹೇಳಿದರು. ಹಿಂದಿಯಲ್ಲಿ ಹೇಳಿದ್ದನ್ನು ಶಾಹಿದಾ ನಮಗೆ ಕನ್ನಡದಲ್ಲಿ ಹೇಳಿದಳು. ಪ್ರತಿ ತಂಡಕ್ಕೂ ಇಷ್ಟೇ ಹೊತ್ತು. ಗಂಟೆ ಹೊಡೆದ ಮೇಲೂ ಕುಣಿದವರು ಬಹುಮಾನಕ್ಕೆ ಇಲ್ಲ. ಗಿರಿಜಾ ಅಂಗಳದಲ್ಲಿ ಆಡಿಸಿ ನೋಡಿದಳು. ಹೆಣೆದು ಮುಗಿಸುವುದಕ್ಕೇ ಆ ಹೊತ್ತು ಸರಿಹೋಗುತ್ತಿತ್ತು. ಬಿಚ್ಚಲು ಉಳಿಯುತ್ತಿರಲಿಲ್ಲ. ಕಡಿಮೆ ಹೆಣೆದರೆ ಜಡೆ ಮೋಟಾಗುತ್ತದೆ, ಬೇಗ ಕುಣಿದರೆ ಸಿಕ್ಕಾಗುತ್ತದೆ.

ಊಟದ ನಂತರ ಬಿಸಿಲಿಗೆ ಕೂತಿದ್ದಾಗ ಕಮಲಾಕ್ಷಿಯೇ ಮಾತು ತೆಗೆದಳು. "ಟೀಚರ್, ಹೆಣೆದು ನಿಲ್ಸಾಣ. ಪ್ರೈಜು ಬರ್ತೈತೆ. ಅಜ್ಜಿಗೆ ಬಿಚ್ಚಿದ್ವಿ ಅಂದ್ರಾಯ್ತು. ಅವರಿಗೆ ಯಾರು ಹೇಳ್ತಾರೆ?"

ಉಳಿದವರೂ ಹೌದೌದು ಎಂದರು. ಬೆಂಗಳೂರಿನಲ್ಲಿ ಗೆದ್ದ ಕಪ್ಪಿನ ರುಚಿ ಹತ್ತಿದ ಮಕ್ಕಳು. ಗಿರಿಜಾ ಬೈಯಲಿಲ್ಲ. ಅವಳಿಗೂ ಆ ಕಪ್ಪು ಬೇಕಿತ್ತು, ನನಗೆ ಗೊತ್ತು. ಜಗಳೂರಿನ ಗಾಳಿಯಲ್ಲಿ ಶುರುಮಾಡಿದವಳು ಅಲ್ಲಿಯವರೆಗೆ ಬಂದಿದ್ದಳು. "ಬಾರೇ ಇಲ್ಲಿ, ತಲೆ ಬಾಚ್ತೀನಿ" ಎಂದು ಕಮಲಾಕ್ಷಿಯನ್ನು ಮುಂದೆ ಕೂರಿಸಿಕೊಂಡಳು. ಕೂದಲಲ್ಲಿ ಮೂರು ಕಾಲು ತೆಗೆದು ಹೆಣೆಯುತ್ತಾ ಕೇಳಿದಳು.

"ಊರಿಗೆ ಹೋದ ಮೇಲೆ ಅಜ್ಜಿ ಹಿಂಗೇ ಕೂರಿಸ್ಕಂಡು ಬಾಚ್ತಾರಲ್ಲ, ಆಗ ಅವರಿಗೆ ಬೆನ್ನು ಹೆಂಗೆ ಕೊಡ್ತೀಯ?"

ಕಮಲಾಕ್ಷಿಯ ತಲೆ ತಗ್ಗಿತು. ಶಾಹಿದಾ ಒಂದು ಹುಲ್ಲಿನ ಕಡ್ಡಿ ಕಚ್ಚುತ್ತಾ, "ಬಿಚ್ಚಾಣ ಬಿಡ್ರೇ. ಪ್ರೈಜು ತಗಂಡು ಏನು ತಲೆಗೆ ಮುಡ್ಕಂತೀರಾ?" ಎಂದಳು. ಎಲ್ಲರೂ ನಕ್ಕರು. ತೀರ್ಮಾನ ಆದದ್ದು ಅಷ್ಟರಲ್ಲೇ.

ಸ್ಟೇಜಿನ ನಡುವೆ ಗಳ ಹಿಡಿದು ನಿಂತೆ. ಕಂಬ ಅಲುಗಾಡಬಾರದು. ಎದುರಿಗೆ ಯಾವ್ಯಾವ ದೇಶದವರೋ ಸಾಲಾಗಿ ಕೂತಿದ್ದರು. ಕಮಲಾಕ್ಷಿ ಮೊದಲ ಏಟು ಹೊಡೆದಳು. ನನ್ನ ಸುತ್ತ ಲಂಗಗಳು ತಿರುಗಿದವು, ತಲೆಯ ಮೇಲೆ ಜಡೆ ಇಳಿಯತೊಡಗಿತು. ಅದೇ ಹೊತ್ತಿಗೆ ನನ್ನ ಮೂಗಿನ ತುದಿ ಕಡಿಯಿತು. ಎರಡು ಕೈಯೂ ಗಳದ ಮೇಲಿದ್ದವು. ಆ ತುರಿಕೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಜಡೆ ನನ್ನ ಕೈಯವರೆಗೆ ಇಳಿದು ಬಂದು ನಿಂತಾಗ ಗಂಟೆ ಹೊಡೆಯಿತು. ಜನ ಎದ್ದು ಚಪ್ಪಾಳೆ ತಟ್ಟಿದರು. ಮುಗಿಯಿತು ಎಂದೇ ಅವರೆಣಿಕೆ. ಪರದೆ ಎಳೆಯುವವನು ಹಗ್ಗಕ್ಕೆ ಕೈ ಹಾಕಿದ.

ಪಕ್ಕಕ್ಕೆ ಕಣ್ಣು ಹಾಯಿಸಿದರೆ ಗಿರಿಜಾಳೂ ಅದೇ ಹಗ್ಗ ಹಿಡಿದಿದ್ದಳು. ಅವನು ಕೆಳಗೆ ಎಳೆಯುತ್ತಾನೆ, ಇವಳು ಮೇಲೆ ಎಳೆಯುತ್ತಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅವನು ನೇಪಾಳಿಯಲ್ಲಿ ಏನೋ ಹೇಳಿದ. ಇವಳು ಕನ್ನಡದಲ್ಲಿ, "ಇನ್ನೂ ಐತಪ್ಪಾ, ಬಿಚ್ಚೋದು ಐತೆ!" ಎಂದು ಕೂಗಿದಳು. ಪರದೆ ಅರ್ಧ ಬಂದು, ಹೋಗಿ, ಮ‌ತ್ತೆ ಬಂದು ಒದ್ದಾಡುತ್ತಿತ್ತು. ಆಗ ಶಾಹಿದಾ ಬಿಚ್ಚುವ ಹೆಜ್ಜೆ ಹಾಕುತ್ತಲೇ ತನ್ನ ಮನೆಯ ಉರ್ದುವಿನಲ್ಲಿ ಚೀರಿದಳು. "ಠೈರೋ ಸಾಬ್! ಚೋಟಿ ಖೋಲ್‌ಕೇಚ್ ಜಾತೇ ಹಮೇ!" ನಿಲ್ಲಿ ಸ್ವಾಮಿ, ಜಡೆ ಬಿಚ್ಚಿಯೇ ಹೋಗುವವರು ನಾವು, ಎಂದು.

ಹಿಂದಿ ಬಲ್ಲವರಿಗೆ ಅರ್ಥವಾಯಿತು. ಮುಂದಿನ ಸಾಲಿನಿಂದ ನಗು ಎದ್ದಿತು. ಪರದೆಯವನೂ ನಕ್ಕು ಹಗ್ಗ ಬಿಟ್ಟ.

ಆಮೇಲೆ ಯಾರೂ ನಗಲಿಲ್ಲ. ಎದ್ದವರು ನಿಂತಲ್ಲೇ ನಿಂತರು. ಹಾಡಿಲ್ಲ, ಬರೀ ಕೋಲಿನ ಸದ್ದು. ಹುಡುಗಿಯರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿದ್ದರು, ಜಡೆ ಎಳೆ ಎಳೆಯಾಗಿ ಸಡಿಲವಾಗುತ್ತಾ ಮೇಲಕ್ಕೆ ಹೋಗುತ್ತಿತ್ತು. ನಡುವೆ ಒಮ್ಮೆ ಹಳದಿ ಪಟ್ಟಿ ರಿಮ್ಮಿನ ಹತ್ತಿರ ಸಿಕ್ಕಿಕೊಂಡಿತು. ನಾನು ಗಳ ವಾಲಿಸಲೇ ಎಂದು ಗಿರಿಜಾಳ ಕಡೆ ನೋಡಿದೆ. ಅವಳು ಕಣ್ಣಲ್ಲೇ ಬೇಡವೆಂದಳು. ಕಮಲಾಕ್ಷಿ ಒಂದು ಹೆಜ್ಜೆ ಹಿಂದೆ ಸರಿದಳು, ತನ್ನ ಜೋಡಿಯನ್ನು ಮುಂದೆ ಬಿಟ್ಟಳು, ಕೈಯೆತ್ತಿ ಒಂದೇ ಸಲ ಕೊಡವಿದಳು. ಪಟ್ಟಿ ಬಿಟ್ಟುಕೊಂಡಿತು. ಹನ್ನೆರಡು ಪಟ್ಟಿಗಳೂ ಬಿಡಿಬಿಡಿಯಾಗಿ ಕೊಡೆಯ ಹಾಗೆ ಬಿಚ್ಚಿಕೊಂಡವು, ಒಂದೂ ಗಂಟಿಲ್ಲ. ಆ ಹೊತ್ತಿನ ಚಪ್ಪಾಳೆಯನ್ನು ಬರೆಯಲು ನನಗೆ ಬರುವುದಿಲ್ಲ. ನಾನು ಗಿರಿಜಾಳನ್ನು ನೋಡುತ್ತಿದ್ದೆ. ಸೆರಗು ಇನ್ನೂ ಸೊಂಟದಲ್ಲೇ ಇತ್ತು. ಹಗ್ಗ ಉಜ್ಜಿ ಕೆಂಪಾದ ಅಂಗೈಗಳನ್ನು ನೋಡಿಕೊಳ್ಳುತ್ತಾ ನಗುತ್ತಿದ್ದಳು. ಇಂಥವಳ ಗಂಡ ನಾನು ಎಂದು ಎಲ್ಲರಿಗೂ ಕೂಗಿ ಹೇಳಬೇಕೆನಿಸಿತು. ಆದರೆ ಆ ದಿನ ನಾನು ಕಂಬ.

ಬಹುಮಾನ ಬೇರೆ ದೇಶದವರಿಗೆ ಹೋಯಿತು. ನಮ್ಮ ಹೆಸರು ಪಟ್ಟಿಯಲ್ಲಿರಲಿಲ್ಲ. ಆದರೆ ಮರುದಿನ ನಾವು ಗಂಟು ಮೂಟೆ ಕಟ್ಟುವಾಗ ಗೆದ್ದವರೂ ಸೋತವರೂ ಅಂಗಳಕ್ಕೆ ಬಂದು, ಆ ಪಟ್ಟಿ ನಮಗೂ ಕೊಡಿ ಎಂದು ಸನ್ನೆ ಮಾಡಿದರು. ನಾನು ಮತ್ತೆ ಗಳ ಜೋಡಿಸಿದೆ. ಯಾರ ಭಾಷೆ ಯಾರಿಗೂ ಗೊತ್ತಿಲ್ಲ. ನಮ್ಮ ಹುಡುಗಿಯರು ಅವರ ಭುಜ ಹಿಡಿದು, "ಹಂಗಲ್ಲ, ಹಿಂಗೆ! ಇವಳ ಒಳಗೆ, ಅವಳ ಹೊರಗೆ!" ಎಂದು ಚನ್ನಗಿರಿಯ ಕನ್ನಡದಲ್ಲೇ ಕಲಿಸಿದರು. ಜಡೆ ಎನ್ನುವಂಥದ್ದು ಆಗಲಿಲ್ಲ, ದೊಡ್ಡದೊಂದು ಸಿಕ್ಕಾಯಿತು. ಅದನ್ನು ಬಿಡಿಸಿ ಹೊರಡುವಷ್ಟರಲ್ಲಿ ನಮ್ಮ ಬಸ್ಸು ಹಾರ್ನು ಹೊಡೆಯುತ್ತಿತ್ತು.

ಊರು ಮುಟ್ಟುವ ಹೊತ್ತಿಗೆ ಚಳಿಗೂ ಕೂಗಾಟಕ್ಕೂ ಗಿರಿಜಾಳ ಗಂಟಲು ಪೂರ್ತಿ ಕಟ್ಟಿತ್ತು. ಬಾಯಿ ತೆರೆದರೆ ಬರೀ ಗಾಳಿ. ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಊರು ಸೇರಿತ್ತು. ಹೋಟೆಲಿನವರು, ಹೂವಿನವರು, ಮಕ್ಕಳ ಮನೆಯವರು, ಹೆಡ್‌ಮಾಸ್ಟರು. "ಕಪ್ಪು ಎಲ್ಲೈತೆ? ಕಪ್ಪು ತೋರಿಸ್ರಿ!" ಎಂದು ಗದ್ದಲ. ಕಪ್ಪಿಲ್ಲ ಎಂದು ಮಕ್ಕಳು ಹೇಳಿದ್ದೇ ತಡ, ಗದ್ದಲ ಸಣ್ಣಗಾಯಿತು. ಯಾರೋ ಹಿಂದಿನಿಂದ, "ಅಷ್ಟು ದೂರ ಹೋಗಿ ಬರಿಗೈಯಾಗೆ ಬಂದ್ರಾ" ಎಂದದ್ದೂ ಕೇಳಿಸಿತು.

ಬಸಮ್ಮಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಮೊಮ್ಮಗಳನ್ನು ಅಪ್ಪಿಕೊಳ್ಳಲಿಲ್ಲ, ಅವಳ ತಲೆ ನೋಡಿದರು. ಆಮೇಲೆ ಗಿರಿಜಾಳ ಎದುರು ನಿಂತು ಕೇಳಿದರು.

"ಏನವ್ವಾ, ಬಿಚ್ಚಿ ಬಂದ್ರೋ ಇಲ್ಲೋ?"

ಗಿರಿಜಾ ಬಾಯಿ ತೆರೆದಳು. ಮಾತು ಬರಲಿಲ್ಲ. ತಲೆ ಆಡಿಸಿದಳು. ಅಜ್ಜಿಗೆ ಅದು ಸಾಲದು, ಮತ್ತೆ ಕೇಳಿದರು. ಆಗ ಅವಳು ತಿರುಗಿ ನನ್ನ ಕಡೆ ನೋಡಿದಳು.

ನಾನು ಬಸ್ಸಿನ ಮೆಟ್ಟಿಲು ಹತ್ತಿದೆ. ಬಾಗಿಲಿನ ಕಂಬಿ ಹಿಡಿದೆ. ನನಗೆ ಗೊತ್ತಿದ್ದ ಒಂದೇ ದನಿಯಲ್ಲಿ, ಹೊನ್ನಾಳಿಯವರಿಗೂ ಕೇಳಿಸುವ ಹಾಗೆ ಕೂಗಿದೆ. "ಬಿಚ್ಚಿ ಬಂದೀವಿ ಅಜ್ಜೀ! ಒಂದು ಗಂಟು ಬಿಟ್ಟಿಲ್ಲ! ಪ್ರೈಜು ಬಿಟ್ಟೀವಿ, ಮಾತು ಬಿಟ್ಟಿಲ್ಲ!" ಅಜ್ಜಿಗೆ ಮಂದವಾದ ಕಿವಿಯಲ್ಲೂ ಕೇಳಿಸಿರಬೇಕು. ಅಲ್ಲಿಗೆ ನಿಲ್ಲಿಸಬಹುದಿತ್ತು. ನನಗೆ ನಿಲ್ಲಿಸಲಾಗಲಿಲ್ಲ. ಗಂಟೆ ಹೊಡೆದದ್ದು, ಪರದೆಯ ಹಗ್ಗಕ್ಕೆ ಇವಳು ಜೋತುಬಿದ್ದದ್ದು, ಶಾಹಿದಾ ಚೀರಿದ್ದು, ಪರದೇಶದವರೆಲ್ಲ ನಿಂತೇ ನೋಡಿದ್ದು, ಎಲ್ಲವನ್ನೂ ಹೇಳಿದೆ. ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದೆ. ಬಸಮ್ಮಜ್ಜಿ ಗಿರಿಜಾಳ ಕೆನ್ನೆಗೆ ಎರಡೂ ಕೈ ಸವರಿ ಲಟಿಕೆ ಮುರಿದರು. ಜನ ಕಪ್ಪಿನ ಮಾತು ಬಿಟ್ಟು, "ಆಮೇಲೆ? ಆಮೇಲೆ?" ಎನ್ನತೊಡಗಿದರು. ನಾನು ಇನ್ನೂ ಏರಿಸಿದೆ. ಬಸ್ಸಿನ ಡ್ರೈವರು ಹೊರಡಬೇಕೆಂದು ಹಾರ್ನು ಹೊಡೆದರೂ ನಾನು ಇಳಿಯಲಿಲ್ಲ.

ಕೊನೆಗೆ ಕೆಳಗಿನಿಂದ ಯಾರೋ ನನ್ನ ಅಂಗಿಯ ಚುಂಗು ಹಿಡಿದು ಎಳೆದರು. ಬಗ್ಗಿ ನೋಡಿದರೆ ಗಿರಿಜಾ. ಮುಖವೆಲ್ಲ ಕೆಂಪಾಗಿತ್ತು, ಕಣ್ಣು ತುಂಬಿತ್ತು. ದನಿಯಿಲ್ಲದ ಬಾಯಲ್ಲಿ, "ಸಾಕು ಇಳೀರಿ" ಎಂದಳು. ಇಳಿದೆ.

ಈಗ ಹಾಗೆ ಎಳೆದು ಇಳಿಸುವವರಿಲ್ಲ. ಬಿಟ್ಟರೆ ನಾನು ಅವಳ ವಿಷಯವನ್ನು ಹೀಗೇ ಹೇಳುತ್ತಾ ಹೋಗುತ್ತೇನೆ. ಆದ್ದರಿಂದ ನಾನೇ ನೋಡಿಕೊಂಡು ಇಳಿಯಬೇಕು.